ಹಿಟ್ಸ್ ಸಿ.ಡಿ. ಕೊಳ್ಳಬೇಕೋ, ಮೂಲ ರೆಕಾರ್ಡು ಹುಡುಕಬೇಕೋ?

ಹೋಲಿಕೆಗೆ ಇಟ್ಟುಕೊಂಡದ್ದು ನಾಲ್ಕು ಬಗೆ: ಕಂಪನಿ ಹೊರತಂದ ಹಿಟ್ಸ್ ಆಡಿಯೊ ಸಿ.ಡಿ., ನೂರರಿಂದ ನೂರೈವತ್ತು ಹಾಡು ತುಂಬಿದ ಎಂಪಿ3 ಸಿ.ಡಿ., ಒಂದೊಂದು ಸಿನಿಮಾದ ಮೂಲ ರೆಕಾರ್ಡು, ಮತ್ತು ಕ್ಯಾಸೆಟ್. ಹಾಡುಗಳು 1960ರಿಂದ 80ರ ದಶಕದವರೆಗಿನವು. ಒಂದೇ ಹಾಡನ್ನು ಒಂದೇ ಆಂಪ್ಲಿಫೈಯರು, ಒಂದೇ ಜೋಡಿ ಸ್ಪೀಕರಿನಲ್ಲಿ ಒಂದರ ಹಿಂದೊಂದು ಕೇಳಿ ನೋಡಬೇಕು. ಅದಕ್ಕೂ ಮೊದಲು ಸದ್ದಿನ ಮಟ್ಟ ಸಮ ಮಾಡಿಕೊಳ್ಳಬೇಕು. ಇದನ್ನು ಬಿಟ್ಟರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ, ಹಿಟ್ಸ್ ಸಿ.ಡಿ. ಬಹಳ ಸಲ ಗೆಲ್ಲುವುದು ಈ ಒಂದು ಕಾರಣಕ್ಕೆ. ಮಟ್ಟ ಸಮ ಮಾಡಿದ ಮೇಲೆ ಅದೇ ಹಾಡು ಚಪ್ಪಟೆಯಾಗಿ ಕೇಳುತ್ತದೆ.

ಕಾರಣ ಕಣ್ಣಿಗೇ ಕಾಣುತ್ತದೆ. ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಸಿ.ಡಿ.ಯ ಹಾಡನ್ನು ತೆರೆಯಿರಿ. ತೆರೆಯ ಮೇಲೆ ಸದ್ದು ಗೆರೆಯಾಗಿ ಕಾಣುತ್ತದೆ. ಪಲ್ಲವಿಗೂ ಚರಣಕ್ಕೂ, ವಾದ್ಯದ ಭಾಗಕ್ಕೂ ಗೆರೆ ಏರಿಳಿಯುತ್ತಿದ್ದರೆ, ಹಳೆಯ ಧ್ವನಿಮುದ್ರಣವನ್ನು ಸಿ.ಡಿ.ಗೆ ವರ್ಗಾವಣೆ ಮಾಡಿದವರು ಹಾಡನ್ನು ಹಾಗೇ ಬಿಟ್ಟಿದ್ದಾರೆ. ಮೊದಲಿಂದ ಕೊನೆವರೆಗೂ ಇಟ್ಟಿಗೆ ಜೋಡಿಸಿದಂತೆ ಒಂದೇ ಎತ್ತರ ಇದ್ದರೆ ಮೆಲುದನಿಯನ್ನೂ ಎಳೆದು ಜೋರು ಮಾಡಿದ್ದಾರೆ.

ಇನ್ನೊಂದು ಪರೀಕ್ಷೆ ಸ್ಟೀರಿಯೊದ್ದು. ಅರವತ್ತರ ದಶಕದ ಕನ್ನಡ ಸಿನಿಮಾ ಹಾಡುಗಳು ಮೊನೊ ಧ್ವನಿಮುದ್ರಣ, ಅಂದರೆ ಎಡ ಬಲ ಎರಡರಲ್ಲೂ ಒಂದೇ ಸದ್ದು. ಅವಕ್ಕೆ ಎಕೋ ಹಾಕಿ, ಎಡ ಬಲ ಚೂರು ಬೇರೆ ಮಾಡಿ, ಕೆಲವೊಮ್ಮೆ ಮೇಲೊಂದು ಡ್ರಮ್ ಮೆಷೀನನ್ನೂ ಕೂರಿಸಿ ‘ಸ್ಟೀರಿಯೊ’ ಎಂದು ಬರೆದು ಮಾರಿದ ಸಂಗ್ರಹಗಳಿವೆ. ಪತ್ತೆ ಹಚ್ಚುವುದು ಹೀಗೆ: ಅದೇ ತಂತ್ರಾಂಶದಲ್ಲಿ ಸ್ಟೀರಿಯೊ ಟ್ರ್ಯಾಕನ್ನು ಎರಡು ಮೊನೊ ಆಗಿ ಒಡೆಯಿರಿ, ಒಂದಕ್ಕೆ ಮಾತ್ರ ‘ಇನ್ವರ್ಟ್’ (ಅಲೆಯನ್ನು ತಲೆಕೆಳಗು ಮಾಡುವ ಆಯ್ಕೆ) ಕೊಡಿ, ಎರಡನ್ನೂ ಕೂಡಿಸಿ ನುಡಿಸಿ. ಶುದ್ಧ ಮೊನೊ ಆಗಿದ್ದರೆ ಏನೂ ಕೇಳುವುದಿಲ್ಲ. ಗುಂಯ್ ಎನ್ನುವ ಎಕೋ ಮಾತ್ರ ಉಳಿದರೆ ಅದು ಆಮೇಲೆ ಸೇರಿಸಿದ್ದು. ಅಂಥ ಸಿ.ಡಿ.ಗೆ ದುಡ್ಡು ಹಾಕಬೇಡಿ, ಎಷ್ಟೇ ಅಗ್ಗವಾಗಿರಲಿ. ಗಾಯಕರ ಉಸಿರು, ತಬಲಾದ ಅಂಚು, ಕೊಳಲಿನ ಮೊದಲ ಊದು ಎಲ್ಲವೂ ಅದರಲ್ಲಿ ಮಸುಕಾಗಿರುತ್ತವೆ.

ಎಂಪಿ3 ಸಿ.ಡಿ.ಯ ಲೆಕ್ಕ ಸರಳ. ಆಡಿಯೊ ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಹರಿಯುತ್ತದೆ, ಹಾಗಾಗಿ 80 ನಿಮಿಷಕ್ಕೆ ತಟ್ಟೆ ತುಂಬುತ್ತದೆ. 700 ಎಂಬಿಯಲ್ಲಿ 150 ಹಾಡು ಹಿಡಿಸಬೇಕಾದರೆ 128 ಕಿಲೋಬಿಟ್‌ಗೆ ಇಳಿಸಲೇಬೇಕು, ಅಂದರೆ ನಿಮಿಷಕ್ಕೆ ಸುಮಾರು ಒಂದು ಎಂಬಿ. ಕಾರಿನಲ್ಲಿ ಇದರ ಕೊರತೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಸಕಾರಗಳು ನೀರು ಬಿದ್ದಂತೆ ಕೇಳುತ್ತವೆ. ತಟ್ಟೆಯ ಕೆಳಮೈಯನ್ನೂ ನೋಡಿ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು ಬೆಳ್ಳಿ ಬಣ್ಣ; ಹಸಿರು ಅಥವಾ ನೇರಳೆ ಛಾಯೆ ಇದ್ದರೆ ಯಾರೋ ಮನೆಯಲ್ಲಿ ಬರೆದದ್ದು, ವರ್ಷಗಳು ಉರುಳಿದಂತೆ ಓದದೆ ಹೋಗುತ್ತದೆ.

ಧ್ವನಿಗಿಂತ ದೊಡ್ಡ ತೊಡಕು ಆಯ್ಕೆಯದ್ದು. ಹಿಟ್ಸ್ ಸಂಗ್ರಹ ಎಂದರೆ ಒಬ್ಬ ಕಲಾವಿದರ ಅತ್ಯುತ್ತಮ ಹಾಡುಗಳು ಎಂದು ನಂಬಿ ಕೊಳ್ಳುತ್ತೇವೆ. ನಿಜದಲ್ಲಿ ಅದು ಒಂದು ಕಂಪನಿಯ ಕೈಯಲ್ಲಿ ಹಕ್ಕಿರುವ ಹಾಡುಗಳಲ್ಲಿ ಜನಪ್ರಿಯವಾದವು. ಎಚ್.ಎಂ.ವಿ. ರೆಕಾರ್ಡುಗಳ ಹಕ್ಕು ಈಗ ಸರೆಗಮ ಬಳಿ ಇದೆ; ಕ್ಯಾಸೆಟ್ ಕಾಲದಲ್ಲಿ ಸಂಗೀತಾ, ಲಹರಿಯಂಥ ಕಂಪನಿಗಳು ಬಂದವು. ಒಬ್ಬರೇ ಗಾಯಕರ ಹಾಡುಗಳು ಹೀಗೆ ಹಲವು ಮನೆಗಳಲ್ಲಿ ಹಂಚಿಹೋಗಿವೆ. ಎರಡು ಕಂಪನಿಗಳ ಸಂಗ್ರಹ ಕೊಂಡರೂ ನಡುವಿನ ಕೊಂಡಿ ಸಿಗದಿರುವುದು ಅದಕ್ಕೇ.

ಹೆಸರೂ ದಾರಿ ತಪ್ಪಿಸುತ್ತದೆ. ‘ರಾಜ್ ಹಿಟ್ಸ್’ ಎಂದಿದ್ದರೆ ಅದು ರಾಜ್‌ಕುಮಾರ್ ಹಾಡಿದವೋ, ಅಭಿನಯಿಸಿದವೋ? ಅರವತ್ತರ ದಶಕದಲ್ಲಿ ಅವರ ಹಾಡುಗಳಿಗೆ ಹೆಚ್ಚಾಗಿ ಪಿ.ಬಿ. ಶ್ರೀನಿವಾಸರ ದನಿ, 1974ರ ‘ಸಂಪತ್ತಿಗೆ ಸವಾಲ್’ ನಂತರವೇ ಅವರು ಸತತವಾಗಿ ಹಾಡತೊಡಗಿದ್ದು. ಅಣ್ಣಾವ್ರ ದನಿಗಾಗಿ ಹುಡುಕುವವರು ಹಿಂಬದಿಯ ಪಟ್ಟಿಯಲ್ಲಿ ಗಾಯಕರ ಹೆಸರನ್ನು ಓದಲೇಬೇಕು. ಓದುವಾಗ ‘ಮೂಲ ಗಾಯಕರಲ್ಲ’ ಎಂಬರ್ಥದ ಸಾಲು ಮೂಲೆಯಲ್ಲಿದೆಯೇ ಎಂದೂ ನೋಡಿ. ಕ್ಯಾಸೆಟ್ ಯುಗದಲ್ಲಿ ಬೇರೆಯವರಿಂದ ಹಾಡಿಸಿದ ಆವೃತ್ತಿಗಳು ಧಾರಾಳವಾಗಿ ಬಂದವು. ಇದು ಕವರ್ ಆವೃತ್ತಿ ಎಂದು ಮುಖಪುಟದಲ್ಲೇ ಹೇಳಬೇಕೆಂಬ ನಿಯಮ 2012ರ ಹಕ್ಕುಸ್ವಾಮ್ಯ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಬಂದಿದೆ. ಅದಕ್ಕೂ ಹಿಂದಿನ ಸರಕಿನಲ್ಲಿ ನಾವೇ ಎಚ್ಚರ ವಹಿಸಬೇಕು.

ಹಾಗಾದರೆ ಮೂಲವೇ ಯಾವಾಗಲೂ ಮೇಲೋ? ಸಿನಿಮಾ ಹಾಡಿನ ವಿಷಯದಲ್ಲಿ ಹಾಗೆ ಹೇಳಲಾಗದು. ಏಳು ಇಂಚಿನ ಚಿಕ್ಕ ರೆಕಾರ್ಡಾದ ಇ.ಪಿ.ಯಲ್ಲಿ ಬದಿಗೆ ಎರಡರಂತೆ ನಾಲ್ಕು ಹಾಡು. ದೊಡ್ಡ ರೆಕಾರ್ಡಾದ ಎಲ್.ಪಿ.ಯಲ್ಲಿ ಬದಿಗೆ 20–22 ನಿಮಿಷ, ಎಷ್ಟೋ ಎಲ್.ಪಿ.ಗಳಲ್ಲಿ ಒಂದು ಬದಿ ಒಂದು ಸಿನಿಮಾ, ಇನ್ನೊಂದು ಬದಿ ಮತ್ತೊಂದು. ಹಾಡುಗಳ ನಡುವೆ ಕತೆಯ ಕೊಂಡಿ ಇರುವುದು ತೆರೆಯ ಮೇಲೆ, ತಟ್ಟೆಯ ಮೇಲಲ್ಲ. ಆದ್ದರಿಂದ ಬಿಡಿಸಿ ಜೋಡಿಸಿದರೆ ನಷ್ಟ ಕಡಿಮೆ. ನಷ್ಟವಾಗುವುದು ಆ ಸಿನಿಮಾದ ನಾಲ್ಕನೇ ಹಾಡು, ರೇಡಿಯೊದಲ್ಲಿ ಹೆಚ್ಚು ಬಾರದ ಹಾಡು. ಸಂಗೀತ ನಿರ್ದೇಶಕರಾದ ರಾಜನ್–ನಾಗೇಂದ್ರ, ವಿಜಯಭಾಸ್ಕರ್, ಜಿ.ಕೆ. ವೆಂಕಟೇಶ್ ಅವರ ಕೆಲಸವನ್ನು ಅರಿಯಬೇಕೆನ್ನುವವರಿಗೆ ಆ ನಾಲ್ಕನೆಯದೇ ಮುಖ್ಯ.

ಭಾವಗೀತೆಯಲ್ಲಿ ಲೆಕ್ಕ ತಿರುಗಿಬೀಳುತ್ತದೆ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕಟ್ಟಿದ 1978ರ ‘ನಿತ್ಯೋತ್ಸವ’ದಂಥ ಕ್ಯಾಸೆಟ್ ಒಬ್ಬ ಕವಿ, ಒಬ್ಬ ಸಂಯೋಜಕ ಸೇರಿ ಮಾಡಿದ ಒಂದು ಇಡೀ ಕೃತಿ. ಅದರಿಂದ ಒಂದು ಹಾಡು ಕಿತ್ತು ‘ಭಾವಗೀತೆ ಹಿಟ್ಸ್’ನಲ್ಲಿ ಹಾಕಿದರೆ ಹಾಡು ಉಳಿಯುತ್ತದೆ, ಕವಿಯ ನಡಿಗೆ ಹೋಗುತ್ತದೆ. ಇಲ್ಲಿ ಮೂಲವನ್ನೇ ಕೊಳ್ಳಿ, ಎರಡು ಮಾತಿಲ್ಲ.

ಇಂಗ್ಲಿಷ್ ಸಂಗೀತ ಕೇಳುವವರಿಗೂ ಒಂದು ಮಾತು. ಬೀಟಲ್ಸ್‌ನ ಎಷ್ಟೋ ಸಿಂಗಲ್‌ಗಳು (ಬಿಡಿ ಹಾಡಿನ ರೆಕಾರ್ಡುಗಳು), ‘ಹೇ ಜೂಡ್’ ಸೇರಿ, ಬ್ರಿಟನ್ನಿನ ಅವರ ಸ್ಟುಡಿಯೊ ಆಲ್ಬಮ್‌ಗಳಲ್ಲಿಲ್ಲ. ಎಲ್ಲ ಆಲ್ಬಮ್ ಇರುವವರಿಗೂ 1973ರ ಕೆಂಪು, ನೀಲಿ ಹೊದಿಕೆಯ ಎರಡು ಹಿಟ್ಸ್ ಸಂಗ್ರಹಗಳು ಬೇಕಾಗುವುದು ಅದಕ್ಕೆ. ಹಳೆಯ ಹಾಡುಗಳ ಜೊತೆ ಒಂದೇ ಒಂದು ಹೊಸ ಹಾಡು ಸೇರಿಸಿ ಮಾರುವ ಸಂಗ್ರಹವಾದರೆ ಆ ಒಂದನ್ನು ಬಿಡಿಯಾಗಿ ಕೊಂಡರೆ ಸಾಕು.

ಇನ್ನು ನಮ್ಮ ಮಳೆಗಾಲ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ಯಾಸೆಟ್ಟಿನ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ಒಳ್ಳೆಯ ಡೆಕ್ಕಿಗೆ ಹಾಕಿದರೆ ಟೇಪು ಓದುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಹಳೆಯ ಡೆಕ್ಕಿನಲ್ಲಿ ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಸುತ್ತಿ, ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ, ಆಮೇಲೆ ನುಡಿಸಿ. ಸದ್ದು ಕಂಬಳಿ ಹೊದ್ದಂತಿದ್ದರೆ ಟೇಪು ಹಾಳಾಗಿರಲಿಕ್ಕಿಲ್ಲ: ಒಳಗಿನ ಪುಟ್ಟ ಫೆಲ್ಟ್ ಪ್ಯಾಡು ಉದುರಿರಬಹುದು, ಇಲ್ಲವೇ ಹೆಡ್ಡಿನ ಪಕ್ಕದ ತಿರುಪು ಸರಿದಿರಬಹುದು. 90 ನಿಮಿಷದ ಟೇಪು 60ರದ್ದಕ್ಕಿಂತ ತೆಳು, ಬೇಗ ಸಿಕ್ಕಿಕೊಳ್ಳುತ್ತದೆ. ರೆಕಾರ್ಡುಗಳನ್ನು ನಿಲ್ಲಿಸಿಡಿ, ಒಂದರ ಮೇಲೊಂದು ಒಟ್ಟಬೇಡಿ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳನ್ನು ಸ್ಪಿರಿಟ್ಟಿನಿಂದ ಎಂದೂ ಒರೆಸಕೂಡದು. ಅವು ಅರಗಿನವು, ಕರಗುತ್ತವೆ. ಇಷ್ಟು ಆರೈಕೆ ಆಗದ ಮನೆಗೆ ಒಳ್ಳೆಯ ವರ್ಗಾವಣೆಯ ಹಿಟ್ಸ್ ಸಿ.ಡಿ.ಯೇ ಸರಿ.

ದಾರಿಗೂ ಅದೇ. ಹಾಸನದಿಂದ ಬೇಲೂರು ಹಾದು ಚಿಕ್ಕಮಗಳೂರಿಗೆ ಸುಮಾರು 60 ಕಿ.ಮೀ.; 80 ನಿಮಿಷದ ಒಂದು ಸಿ.ಡಿ. ಹೆಚ್ಚುಕಡಿಮೆ ಊರು ಮುಟ್ಟಿಸುತ್ತದೆ. ಪೆನ್‌ಡ್ರೈವಿಗೆ ಹಾಕಿಕೊಳ್ಳುವುದಾದರೆ ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿ, ಬೇರೆಯದನ್ನು ಎಷ್ಟೋ ಕಾರಿನ ಸ್ಟೀರಿಯೊಗಳು ಓದುವುದಿಲ್ಲ.

ಕೊಳ್ಳುವ ಮುಂಚೆ ಪಟ್ಟಿಯ ಮೇಲೆ ಪೆನ್ನಿಟ್ಟು ನಿಮ್ಮಲ್ಲಿಲ್ಲದ ಹಾಡುಗಳನ್ನು ಎಣಿಸಿ, ಬೆಲೆಯನ್ನು ಅದರಿಂದ ಭಾಗಿಸಿ. ಇಪ್ಪತ್ತರಲ್ಲಿ ಮೂರೇ ಹೊಸತಾಗಿದ್ದರೆ ಅದೇ ಹಣಕ್ಕೆ ಗುಜರಿ ಅಂಗಡಿಯಲ್ಲಿ ಮೂಲ ಇ.ಪಿ. ಸಿಗುತ್ತದೆಯೇ ವಿಚಾರಿಸಿ. ಸಿಕ್ಕರೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಕೂದಲೆಳೆಯಂಥ ಗೀರು ಪರವಾಗಿಲ್ಲ, ಉಗುರಿಗೆ ತಾಗುವ ಗೀರು ಪ್ರತಿ ಸುತ್ತಿಗೂ ಟಕ್ ಎನ್ನುತ್ತದೆ. ಕವರು ಒಂದು ಸಿನಿಮಾದ್ದು, ಒಳಗಿನ ತಟ್ಟೆ ಇನ್ನೊಂದರದ್ದು ಆಗಿರುವುದೂ ಮಾಮೂಲು. ತಟ್ಟೆ ಹೊರಗೆ ತೆಗೆದು ಲೇಬಲ್ಲು ಓದಿ, ಆಮೇಲೆ ದುಡ್ಡು ಕೊಡಿ.