ಒಂದೇ ಕಡೆ ಹಿಂದಿನ ಇಂಡಿಕೇಟರ್ ಮಾತ್ರ ಕೆಟ್ಟರೆ ಸ್ವಿಚ್ ಬದಲಿಸಲು ಒಪ್ಪಬೇಡಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಹಳೇ ಮಾರುತಿ 800 ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ನನಗೆ ದುಡ್ಡು ಹೋಗಿದ್ದಕ್ಕಿಂತ ಚಂದದ ವೈರಿಂಗ್ ಹಾಳಾಗಿದ್ದಕ್ಕೇ ಸಿಟ್ಟು ಜಾಸ್ತಿ.

ಜೋರು ಮಳೆಗಾಲ. ಎಡಗಡೆ ಇಂಡಿಕೇಟರ್ ಹಾಕಿದರೆ ಟಿಕ್ ಟಿಕ್ ಸದ್ದು ಓಡತೊಡಗಿತು. ಇಳಿದು ನೋಡಿದೆ. ಮುಂದಿನ ದೀಪ ಸರಿಯಾಗಿ ಮಿನುಗುತ್ತಿದೆ, ಹಿಂದಿನದು ಬರೀ ಮಂಕು. ಪಾರ್ಕ್ ಲೈಟ್ ಹಾಕಿದರೆ ಹಿಂದಿನ ಕೆಂಪು ದೀಪವೂ ಇಂಡಿಕೇಟರ್ ಜೊತೆ ಮಿನುಗುತ್ತಿತ್ತು. ಬಲಗಡೆ ಏನೂ ತೊಂದರೆ ಇಲ್ಲ.

ಇಷ್ಟನ್ನೂ ಗ್ಯಾರೇಜಿನಲ್ಲಿ ಬಿಡಿಸಿ ಹೇಳಿದೆ. ಯಾರೂ ಹಿಂದಿನ ದೀಪ ಬಿಚ್ಚಲಿಲ್ಲ. ಸ್ಟೇರಿಂಗ್ ಕೆಳಗಿನ ಸ್ವಿಚ್ ಹೋಗಿದೆ ಎಂದು ಹೊಸದು ಹಾಕಿದರು. ಆಮೇಲೆ ಇಂಡಿಕೇಟರ್ ಮಿನುಗಿಸುವ ಫ್ಲ್ಯಾಷರ್ ರಿಲೇ. ಅದೂ ಆಗದಿದ್ದಾಗ ಒಳಗಿನ ವೈರ್ ಕತ್ತರಿಸಿ, ಬೇರೆ ವೈರ್ ತಿರುಚಿ ಟೇಪ್ ಸುತ್ತಿದರು. ಕೊನೆಗೆ ಎಲ್‌ಇಡಿ ಬಲ್ಬ್. ಈ ಹಳೇ ಮಾದರಿಯ ರಿಲೇ 21 ವ್ಯಾಟಿನ ಬಲ್ಬ್ ಎಳೆಯುವ ಕರೆಂಟಿಗೆ ಹೊಂದಿಸಿದ್ದು. ಎಲ್‌ಇಡಿ ಎಳೆಯುವುದು ತೀರಾ ಕಡಿಮೆ, ಹಾಗಾಗಿ ಮಿನುಗು ಇನ್ನೂ ಜೋರಾಯಿತು!

ಅದೇ ಗಾಡಿಯಲ್ಲಿ ದೇವಿಮನೆ ಘಟ್ಟ ಇಳಿಯುವಾಗ, ಮಂಜಿನಲ್ಲಿ ಎಡಕ್ಕೆ ನಿಲ್ಲಿಸಲು ಹೋದೆ. ಹಿಂದಿದ್ದ ಲಾರಿಯವರಿಗೆ ಸಿಗ್ನಲ್ ಕಾಣಲೇ ಇಲ್ಲ. ಜೋರಾಗಿ ಹಾರ್ನ್ ಹೊಡೆದು ಪಕ್ಕದಲ್ಲೇ ದಾಟಿಹೋದರು. ಮನೆಯವರೆಲ್ಲ ಗಾಡಿಯಲ್ಲಿದ್ದರು.

ಕುಮಟಾದಲ್ಲಿ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಮೊದಲು ಬಿಚ್ಚಿದ್ದೇ ಡಿಕ್ಕಿಯ ಒಳಗಿಂದ ಹಿಂದಿನ ದೀಪದ ಹೋಲ್ಡರ್. ಹಿತ್ತಾಳೆಯ ಮೇಲೆ ಹಸಿರು ಪುಡಿ ಕಟ್ಟಿತ್ತು. ಅರ್ತ್ ವೈರಿನ, ಅಂದರೆ ಕರೆಂಟನ್ನು ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಕಳಿಸುವ ವೈರಿನ, ಸ್ಕ್ರೂ ಪೂರ್ತಿ ತುಕ್ಕು. ಬಾಡಿಯ ಬಣ್ಣ ಕೆರೆದ ಜಾಗದಿಂದ ಹೋಲ್ಡರಿಗೆ ಒಂದು ತುಂಡು ವೈರ್ ಹಿಡಿದರು. ಎಲ್‌ಇಡಿ ತೆಗೆದು ಮತ್ತೆ ಹಾಕಿದ ಹಳೇ ಬಲ್ಬೇ ಝಗ್ ಅಂತ ಉರಿಯಿತು. ಕಾಯಿಲೆ ಅರ್ತ್‌ದು, ಅಷ್ಟೇ. ಸ್ಯಾಂಡ್ ಪೇಪರ್ ಉಜ್ಜಿ, ಹೊಸ ಸ್ಕ್ರೂ ಬಿಗಿದು, ಮೇಲೆ ವ್ಯಾಸಲೀನ್ ಸವರಿ ಕೊಟ್ಟರು.

ನಮ್ಮ ಉಪ್ಪು ಗಾಳಿಗೆ ಇದು ಆಗುವಂಥದ್ದೇ. ಆದರೆ ಸುಮ್ನೆ ಯೋಚಿಸಿ: ರಿಲೇ ಎರಡೂ ಕಡೆಗೆ ಒಂದೇ. ಬಲಗಡೆ ಸರಿ ಇದ್ದರೆ ರಿಲೇ ಸತ್ತಿಲ್ಲ. ಎಡಗಡೆ ಮುಂದಿನ ದೀಪ ಉರಿಯುತ್ತಿದ್ದರೆ ಸ್ವಿಚ್ ಕರೆಂಟ್ ಕೊಡುತ್ತಿದೆ ಅಂತಲೇ ಅರ್ಥ, ಅಲ್ವಾ? ಉಳಿಯುವುದು ಹಿಂದಿನ ಬಲ್ಬ್, ಹೋಲ್ಡರ್, ಅಲ್ಲಿಗೆ ಹೋಗುವ ವೈರ್, ಅರ್ತ್. ಕೆಂಪು ದೀಪವೂ ಜೊತೆಗೆ ಮಿನುಗಿದರೆ ಮೊದಲು ಅರ್ತ್ ನೋಡಿಸಿ.

ದೀಪ ಬಿಚ್ಚಿ ತೋರಿಸದೆ ಯಾರಾದರೂ ವೈರ್ ಕತ್ತರಿಸಲು ಹೊರಟರೆ ಗಾಡಿ ವಾಪಸ್ ತನ್ನಿ. ತೆಗೆದ ಸಾಮಾನನ್ನೂ ಕೇಳಿ ಪಡೆಯಿರಿ. ಚೆನ್ನಾಗಿಯೇ ಇದ್ದ ನನ್ನ ಕಂಪನಿ ಸ್ವಿಚ್ ಈಗ ಕೇಳಿದರೆ, ಎಸೆದುಬಿಟ್ಟೆವು ಅನ್ನುತ್ತಾರೆ.