ಲಕ್ಷದ ವಾಚು ಕೊಳ್ಳೋ ಮುಂಚೆ ಸರ್ವೀಸ್ ಖರ್ಚು ಕೇಳಿ

ಟೈಮ್ ನೋಡೋಕೆ ಅಂತ ಯಾರೂ ಲಕ್ಷಗಟ್ಟಲೆ ಸುರಿದು ಮೆಕ್ಯಾನಿಕಲ್ ವಾಚು, ಅಂದರೆ ಸೆಲ್ ಇಲ್ಲದೆ ಸ್ಪ್ರಿಂಗಿನಿಂದ ಓಡುವ ವಾಚು, ಕೊಳ್ಳಬೇಡಿ. ಸೆಲ್ ಹಾಕುವ ಸಾಧಾರಣ ಕ್ವಾರ್ಟ್ಜ್ ವಾಚು ತಿಂಗಳಿಗೆ 15 ಸೆಕೆಂಡ್ ಆಚೀಚೆ ಆದರೆ ಜಾಸ್ತಿ. ಸ್ವಿಟ್ಜರ್ಲೆಂಡಿನ ಸಿಒಎಸ್‌ಸಿ ಸಂಸ್ಥೆಯ ನಿಖರತೆ ಪರೀಕ್ಷೆ ಪಾಸಾದ ಮೆಕ್ಯಾನಿಕಲ್ ಮೆಷಿನ್ನು ಸರಾಸರಿ 4 ಸೆಕೆಂಡ್ ಹಿಂದೆ ಬೀಳಬಹುದು, 6 ಸೆಕೆಂಡ್ ಮುಂದೆ ಓಡಬಹುದು. ಅದೂ ದಿನಕ್ಕೆ! 1969ರ ಕ್ರಿಸ್‌ಮಸ್ ದಿನ ಸೈಕೋ ಕಂಪನಿ ಕ್ವಾರ್ಟ್ಜ್ ಆಸ್ಟ್ರಾನ್ ಮಾರಾಟಕ್ಕೆ ತಂದಾಗಲೇ ಆ ಪಂದ್ಯ ಮುಗಿಯಿತು.

ಹಾಗಾದರೆ ದುಡ್ಡು ಯಾತಕ್ಕೆ ಕೊಡೋದು? ನನ್ನ ಹತ್ತಿರ ಎರಡು ಲಕ್ಷದ ಮೇಲಿನ ಒಂದು ಸ್ವಿಸ್ ಆಟೋಮ್ಯಾಟಿಕ್ (ಕೈ ಆಡಿದಂತೆ ತಾನೇ ಕೀ ಕೊಟ್ಟುಕೊಳ್ಳುವ ಮೆಕ್ಯಾನಿಕಲ್ ವಾಚು) ಇದೆ. ಬ್ರ್ಯಾಂಡ್ ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಕೈಗೆ ಕಟ್ಟಿದರೆ ಖುಷಿ ಆಗೋದಂತೂ ನಿಜ. ಚೈನಿನ ಒಂದೊಂದು ಕೊಂಡಿಯೂ ನುಣುಪು, ಕೀ ತಿರುಗಿಸುವಾಗ ಬೆರಳಿಗೆ ಸಿಗುವ ಹಿಡಿತ ಬೇರೆ ಥರ, ಬಿಸಿಲಿಗೆ ಹಿಡಿದರೆ ಮುಳ್ಳಿನ ಅಂಚು ಮಿಂಚುತ್ತೆ. ಆದರೆ ಬೆಂಗಳೂರಿನ ಅವೆನ್ಯೂ ರೋಡಿನ ಒಂದು ಚಿಕ್ಕ ರಿಪೇರಿ ಅಂಗಡಿಯಲ್ಲಿ ಹಿಂದಿನ ಮುಚ್ಚಳ ತೆಗೆಸಿದಾಗ ಒಳಗೆ ಕಂಡಿದ್ದು ಸೆಲ್ಲಿಟಾ ಕಂಪನಿಯ ಎಸ್‌ಡಬ್ಲ್ಯೂ 200. ಇದರ ಅರ್ಧ ಬೆಲೆಗೂ ಕಡಿಮೆ ಇರುವ ವಾಚುಗಳಲ್ಲೂ ಇದೇ ಮೆಷಿನ್ ಇರುತ್ತೆ. ಒಳ್ಳೆ ಮೆಷಿನ್ನೇ, ಇಟಿಎ ಕಂಪನಿಯ ಹೆಸರಾಂತ 2824 ಮೆಷಿನ್ನಿನ ಪಡಿಯಚ್ಚು, ಸೆಕೆಂಡಿಗೆ 8 ಸಲ ಬಡಿಯುತ್ತೆ, ಬಿಡಿಭಾಗ ಸಿಗುತ್ತೆ. ಅಂಗಡಿಯ ಯಜಮಾನರು ಕಣ್ಣಿನ ಲೆನ್ಸ್ ತೆಗೆದು "ಮೆಷಿನ್ ಚೆನ್ನಾಗಿದೆ ಸಾರ್, ನೀವು ದುಡ್ಡು ಕೊಟ್ಟಿರೋದು ಹೊರಗಡೆಗೆ" ಅಂದರು. ಇದಕ್ಕಿಂತ ಚಿಕ್ಕದಾಗಿ ರಿವ್ಯೂ ಬರೆಯೋಕೆ ನನಗೆ ಬರಲ್ಲ.

ನನ್ನ ಲೆಕ್ಕದಲ್ಲಿ ಬೆಲೆಯ ಏಣಿಯಲ್ಲಿ ಮೊದಲ ಮೆಟ್ಟಿಲುಗಳೇ ಗಟ್ಟಿ. ಸೈಕೋ 5 ಥರದ್ದರಲ್ಲಿ ಬರುವ 4ಆರ್36 ಮೆಷಿನ್ನಿಗೆ ಕಂಪನಿಯೇ ದಿನಕ್ಕೆ 45 ಸೆಕೆಂಡ್ ಮುಂದೆ, 35 ಸೆಕೆಂಡ್ ಹಿಂದೆ ಅಂತ ಮಿತಿ ಹಾಕಿದೆ. ಪೂರ್ತಿ ಕೀ ಆದ ಮೇಲೆ ಬಿಚ್ಚಿಟ್ಟರೆ ಸುಮಾರು 41 ಗಂಟೆ ಓಡುತ್ತೆ. ಅಲ್ಲಿಂದ ಟಿಸ್ಸೋ ಪವರ್‌ಮ್ಯಾಟಿಕ್ 80ಕ್ಕೆ ಬಂದರೆ 80 ಗಂಟೆ, ಅಂದರೆ ಶುಕ್ರವಾರ ಸಂಜೆ ಆಫೀಸಿಂದ ಬಂದು ಮೇಜಿನ ಮೇಲೆ ಬಿಸಾಕಿ ಸೋಮವಾರ ಬೆಳಿಗ್ಗೆ ಎತ್ತಿ ಕಟ್ಟಿಕೊಂಡರೂ ಇನ್ನೂ ಓಡುತ್ತಿರುತ್ತೆ. ಇಲ್ಲಿ ಕೊಟ್ಟ ಜಾಸ್ತಿ ದುಡ್ಡು ಕಣ್ಣಿಗೆ ಕಾಣುತ್ತೆ. ಒಂದು ಲಕ್ಷದಿಂದ ಮೂರು ಲಕ್ಷದ ನಡುವೆ ಮಾತ್ರ ತುಂಬಾ ಹುಷಾರಾಗಿರಿ, ಅಲ್ಲಿ ಬಹಳಷ್ಟು ಸಲ ಡಯಲ್ ಮೇಲಿನ ಹೆಸರಿಗೇ ರೇಟು. ಅಂದಹಾಗೆ "ಸ್ವಿಸ್ ಮೇಡ್" ಅಂದರೆ ಪೂರ್ತಿ ಅಲ್ಲೇ ತಯಾರಾಗಿದ್ದು ಅಂತಲ್ಲ. 2017ರಿಂದ ಇರುವ ನಿಯಮದ ಪ್ರಕಾರ ತಯಾರಿಕೆ ಖರ್ಚಿನ ಶೇ. 60 ಭಾಗ ಅಲ್ಲಿ ಆಗಿದ್ದರೆ ಸಾಕು, ಜೊತೆಗೆ ಮೆಷಿನ್ ಸ್ವಿಸ್ ಆಗಿರಬೇಕು, ಜೋಡಣೆ, ಕೊನೆಯ ತಪಾಸಣೆ ಅಲ್ಲೇ ನಡೀಬೇಕು.

ಇನ್ನೂ ಮೇಲಕ್ಕೆ ಹೋದರೆ ಮತ್ತೆ ಅಸಲಿ ಕೆಲಸ ಕಾಣುತ್ತೆ. ರೋಲೆಕ್ಸ್ ದಿನಕ್ಕೆ 2 ಸೆಕೆಂಡ್ ಆಚೀಚೆ ಅಂತ ಹೇಳಿ 5 ವರ್ಷ ಗ್ಯಾರಂಟಿ ಕೊಡುತ್ತೆ. ಒಮೆಗಾದ ಮಾಸ್ಟರ್ ಕ್ರೋನೋಮೀಟರ್ ವಾಚುಗಳು 15,000 ಗಾಸ್ ಅಯಸ್ಕಾಂತಕ್ಕೂ ಜಗ್ಗಲ್ಲ. ಇದು ಸುಮ್ನೆ ಜಂಬದ ಮಾತಲ್ಲ, ನಮ್ಮೂರಿಗಂತೂ ಅಲ್ಲವೇ ಅಲ್ಲ! ಲ್ಯಾಪ್‌ಟಾಪ್ ಸ್ಪೀಕರ್, ಟ್ಯಾಬ್ಲೆಟ್ ಕವರ್, ಫೋನಿನ ಹಿಂದೆ ಅಂಟುವ ಮ್ಯಾಗ್ನೆಟ್ ಪರ್ಸು, ಇಡೀ ದಿನ ಇವುಗಳ ಮಧ್ಯೆ ಕೈ ಇಟ್ಟು ಕೂರುವವರೇ ಅಲ್ವಾ ಇಲ್ಲಿ ಅರ್ಧ ಜನ? ವಾಚಿನ ಬಡಿತ ಹಿಡಿದಿಡುವ ಸಣ್ಣ ಸುರುಳಿ, ಅಂದರೆ ಹೇರ್ ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿ ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತೆ. ನಂದು ಹಾಗೆ ಆಗಿತ್ತು. ಗಾಬರಿ ಬೇಡ, ಅವೆನ್ಯೂ ರೋಡಿನಲ್ಲಿ ಅಯಸ್ಕಾಂತ ಬಿಡಿಸುವ ಒಂದು ಪುಟ್ಟ ಡಬ್ಬಿ ಮೇಲೆ ಇಟ್ಟು ತೆಗೆದರು, ಸರಿಹೋಯಿತು.

ಸರ್ವೀಸ್ ವಿಷಯ ಮಾತ್ರ ಇಷ್ಟು ಸುಲಭ ಅಲ್ಲ. ಒಳಗಿನ ಎಣ್ಣೆ ಒಣಗುತ್ತೆ, ಹಾಗಾಗಿ ಬಿಚ್ಚಿ ತೊಳೆದು ಎಣ್ಣೆ ಹಾಕಲೇಬೇಕು. ಒಮೆಗಾ 5ರಿಂದ 8 ವರ್ಷಕ್ಕೊಮ್ಮೆ ಅನ್ನುತ್ತೆ, ರೋಲೆಕ್ಸ್ ಸುಮಾರು 10. ನನ್ನ ವಾಚಿನ ಕಂಪನಿಯವರ ಕೌಂಟರಿನಲ್ಲಿ ಕೊಟ್ಟರೆ ಅದು ಬೇರೆ ಊರಿಗೆ ಹೋಯಿತು. ತಿಂಗಳುಗಟ್ಟಲೆ ಸುದ್ದಿಯೇ ಇಲ್ಲ. ಫೋನ್ ಮಾಡಿದಾಗಲೆಲ್ಲ "ಪಾರ್ಟ್ ಬರಬೇಕು ಸಾರ್" ಅನ್ನುವ ಒಂದೇ ಮಾತು, ಕೊನೆಗೆ ಬಂದ ಬಿಲ್ಲಿನಲ್ಲಿ ಒಂದು ಒಳ್ಳೆ ಜಪಾನಿ ಆಟೋಮ್ಯಾಟಿಕ್ ಬರುತ್ತಿತ್ತು. ಶೋರೂಮಿನಲ್ಲಿ ಕಾಫಿ ಕೊಟ್ಟು ಕೂರಿಸಿ ಮಾತಾಡುವಾಗ ಇದನ್ನು ಯಾರೂ ಹೇಳಲ್ಲ. ಕೊಳ್ಳೋ ಮುಂಚೆ ನೀವೇ ಕೇಳಿ: ಸರ್ವೀಸ್ ಎಲ್ಲಿ, ಎಷ್ಟು ದಿನ, ಎಷ್ಟು ದುಡ್ಡು?

"ಇದು ಹೂಡಿಕೆ" ಅನ್ನುವವರ ಮಾತನ್ನೂ ಪೂರ್ತಿ ನಂಬಬೇಡಿ. 2022ರ ಶುರುವಿನಲ್ಲಿ ಸೆಕೆಂಡ್ ಹ್ಯಾಂಡ್ ರೇಟು ಆಕಾಶಕ್ಕೆ ಹೋಗಿ ಆಮೇಲೆ ಇಳಿದದ್ದು ಎಲ್ಲರೂ ನೋಡಿದ್ದಾರೆ. ಅರ್ಜೆಂಟ್ ಇಲ್ಲದವರು ಸ್ವಿಸ್ ವಾಚಿಗೆ ಸ್ವಲ್ಪ ಕಾಯಬಹುದು, 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದ, ಸ್ವಿಟ್ಜರ್ಲೆಂಡೂ ಸೇರಿದ ದೇಶಗಳ ಜೊತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದದಲ್ಲಿ ಆಮದು ಸುಂಕ ಹಂತ ಹಂತವಾಗಿ ಇಳಿಯಬೇಕು. ಕಂಪನಿಗಳು ಆ ಉಳಿತಾಯ ನಮಗೆ ಬಿಡ್ತಾರಾ ಅನ್ನೋದು ಬೇರೆ ಮಾತು.

ಮೆಕ್ಯಾನಿಕಲ್ ವಾಚಿನ ರುಚಿ ಹತ್ತುತ್ತಾ ಇಲ್ವಾ ಅಂತ ನೋಡೋಕೆ ಲಕ್ಷ ಬೇಕಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಇದೇ ಬೆಂಗಳೂರಿನಲ್ಲಿ ವಾಚು ಮಾಡೋಕೆ ಶುರು ಮಾಡಿದ ಎಚ್‌ಎಂಟಿಯ ಕೀ ಕೊಡುವ ಜನತಾ, ಪೈಲಟ್ ಮಾಡೆಲ್‌ಗಳು ಈಗಲೂ ಕೆಲವೇ ಸಾವಿರಕ್ಕೆ ಸಿಗುತ್ತವೆ. ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಮ್ಮಿಗೆ ಹೋಗಿ ಅಸಲಿ ಡಯಲ್‌ಗಳು ಹೇಗಿದ್ದವು ಅಂತ ಮೊದಲು ಕಣ್ಣಾರೆ ನೋಡಿ. ಆನ್‌ಲೈನಿನಲ್ಲಿ ಫಳಫಳ ಹೊಳೆಯುವ ಕಿತ್ತಳೆ, ಗಿಳಿಹಸಿರು ಬಣ್ಣದ ಪೈಲಟ್ ಕಂಡರೆ ಡಯಲ್ ಹೊಸದಾಗಿ ಬಳಿದಿದ್ದು ಅಂತಲೇ ಇಟ್ಟುಕೊಳ್ಳಿ, ಮಾರುವವರು "ಓಲ್ಡ್ ಸ್ಟಾಕ್" (ಮಾರಾಟವಾಗದೆ ಉಳಿದ ಹಳೇ ಅಸಲಿ ಮಾಲು) ಅಂತ ಎಷ್ಟು ಆಣೆ ಹಾಕಿದರೂ.