ಎಂಜಿನಿಯರಿಂಗ್ ಸೇರುವವರಿಗೆ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480: ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

2018ರಲ್ಲಿ ಬಂದ ಲೆನೊವೊ ಥಿಂಕ್‌ಪ್ಯಾಡ್ ಟಿ480 ಈಗ ಹೊಸದಾಗಿ ಸಿಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಆನ್‌ಲೈನ್ ರಿಫರ್ಬಿಶ್ಡ್ ಅಂಗಡಿಗಳಲ್ಲಿ ಸಿಗುವುದೆಲ್ಲ ಕಂಪನಿಗಳು ಬಳಸಿ ಕೈಬಿಟ್ಟ ಮಾಲು. ಬೆಲೆ ಹೊಸ ಲ್ಯಾಪ್‌ಟಾಪಿನ ಅರ್ಧಕ್ಕಿಂತ ಕಡಿಮೆ. ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರುವವರು ಇದನ್ನು ಈಗಲೂ ಧೈರ್ಯವಾಗಿ ಕೊಳ್ಳಬಹುದು. ಆದರೆ ಅಂಗಡಿಯಲ್ಲೇ ಅರ್ಧ ಗಂಟೆ ಕೂತು ಪರೀಕ್ಷಿಸಬೇಕು, ಬ್ಯಾಟರಿಗೂ ರ‍್ಯಾಮಿಗೂ ಒಂದಿಷ್ಟು ದುಡ್ಡು ಬೇರೆ ಎತ್ತಿಟ್ಟಿರಬೇಕು. ಇವೆರಡೂ ಆಗದು ಎನ್ನುವವರು ಹೊಸದನ್ನೇ ತೆಗೆದುಕೊಳ್ಳುವುದು ವಾಸಿ.

ವಿಟಿಯು ಕಾಲೇಜುಗಳಲ್ಲಿ ಮೊದಲ ವರ್ಷದ ಕೆಲಸ ಹೆಚ್ಚೆಂದರೆ ಸಿ ಪ್ರೋಗ್ರಾಮಿಂಗ್, ಕಂಪ್ಯೂಟರ್ ಮೇಲಿನ ಎಂಜಿನಿಯರಿಂಗ್ ಡ್ರಾಯಿಂಗ್, ರೆಕಾರ್ಡ್, ಪಿಪಿಟಿ. ಸಿ ಕಂಪೈಲರಿಗೆ ಯಾವ ಹಳೇ ಯಂತ್ರವೂ ಸಾಕು. ಡ್ರಾಯಿಂಗಿಗೆ ಹಲವು ಕಾಲೇಜುಗಳು ಸಾಲಿಡ್ ಎಡ್ಜ್ ಎಂಬ ಸಾಫ್ಟ್‌ವೇರ್ ಬಳಸುತ್ತವೆ. ಅದರ ವಿದ್ಯಾರ್ಥಿ ಆವೃತ್ತಿ ಉಚಿತ, ಆದರೆ ಓಡುವುದು ವಿಂಡೋಸ್ ಮೇಲೆ ಮಾತ್ರ. ಆ ಕಾರಣಕ್ಕೆ ಮ್ಯಾಕ್‌ಬುಕ್ ಕೊಂಡವರು ಸಬ್ಮಿಷನ್ ಹೊತ್ತಿಗೆ ಪಕ್ಕದವರ ಲ್ಯಾಪ್‌ಟಾಪ್ ಕೇಳುವುದು ಮಾಮೂಲು. ಪ್ರೊಜೆಕ್ಷನ್, ಐಸೊಮೆಟ್ರಿಕ್, ಸರ್ಫೇಸ್ ಡೆವಲಪ್‌ಮೆಂಟ್ ಮಟ್ಟದ ಕೆಲಸಕ್ಕೆ ಟಿ480ರ ನಾಲ್ಕು ಕೋರ್ ಐ5, ಯುಎಚ್‌ಡಿ 620 ಗ್ರಾಫಿಕ್ಸ್ ತೊಡಕಿಲ್ಲದೆ ಸಾಲುತ್ತವೆ.

ಇದರ ನಿಜವಾದ ಗುಣ ಇರುವುದು ಹೊಟ್ಟೆಯೊಳಗೆ. ರ‍್ಯಾಮಿಗೆ ಎರಡು ಸ್ಲಾಟ್, ಎರಡೂ ಬಿಚ್ಚಿ ಹಾಕುವಂಥವು. ಸ್ಟೋರೇಜ್, ವೈ-ಫೈ ಕಾರ್ಡ್, ಕೀಬೋರ್ಡ್, ಫ್ಯಾನ್, ಸ್ಕ್ರೀನ್ ಎಲ್ಲವನ್ನೂ ಬದಲಿಸಬಹುದು. ಕಡಿಮೆ ಬೆಲೆಯ ಅನೇಕ ಹೊಸ ಮಾಡೆಲ್‌ಗಳಲ್ಲಿ 8 ಜಿಬಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಮೂರನೇ ವರ್ಷ ಆಂಡ್ರಾಯ್ಡ್ ಸ್ಟುಡಿಯೊ, ವರ್ಚುಯಲ್ ಮಷಿನ್ ಶುರುವಾದಾಗ ಅಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಇಲ್ಲಿ ಡಿಡಿಆರ್4 ಲ್ಯಾಪ್‌ಟಾಪ್ ರ‍್ಯಾಮ್ 8 ಜಿಬಿಯದು ಎರಡು ಹಾಕಿದರೆ ಮುಗಿಯಿತು. 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಜೋಡಿ ಮೇಲು, ಏಕೆಂದರೆ ಗ್ರಾಫಿಕ್ಸೂ ಇದೇ ಮೆಮೊರಿಯನ್ನು ಹಂಚಿಕೊಳ್ಳುತ್ತದೆ, ಎರಡು ಚಾನೆಲ್ ಸಿಕ್ಕರೆ ಅದಕ್ಕೆ ಚುರುಕು ಬರುತ್ತದೆ. ಎಸ್‌ಎಸ್‌ಡಿಗೆ ಮಾತ್ರ ದುಬಾರಿಯದು ಕೊಂಡು ದುಡ್ಡು ಸುರಿಯಬೇಡಿ: ಎನ್‌ವಿಎಂಇ (ವೇಗದ ಬಗೆಯ ಎಸ್‌ಎಸ್‌ಡಿ) ಡ್ರೈವ್ ಒಂದು ಅಡಾಪ್ಟರ್ ಮೂಲಕ ಕೂರುತ್ತದೆ, ಅಲ್ಲಿಗೆ ಬರುವುದು ಪಿಸಿಐಇ 3.0ರ ಎರಡೇ ಲೇನ್, ಅಂದರೆ ದುಬಾರಿ ಡ್ರೈವಿನ ಪೂರ್ತಿ ವೇಗ ಸಿಗದು. ಹಳೆಯ ಸಾಟಾ ಡ್ರೈವ್ ಇರುವ ಮಾಲಾದರೆ ಎನ್‌ವಿಎಂಇ ಹಾಕಲು ಬೇರೆ ಅಡಾಪ್ಟರ್, ಬೇರೆ ಕೇಬಲ್ ಬೇಕು. ಅವನ್ನೂ ಅಲ್ಲೇ ಕೇಳಿ ತೆಗೆದುಕೊಳ್ಳಿ.

ಹೆಸರಿನಲ್ಲಿ ಮೋಸ ಹೋಗುವವರು ಬಹಳ. ಟಿ480ಎಸ್ ಎಂಬುದು ಬೇರೆ ಮಾಡೆಲ್, ಅದರಲ್ಲಿ ಒಂದು ರ‍್ಯಾಮ್ ಬೆಸುಗೆ, ಹೊರಗಿನ ಬ್ಯಾಟರಿ ಇಲ್ಲ. ಟಿ470 ಎರಡೇ ಕೋರಿನದು. ಟಿ480ರಲ್ಲೇ ಏಳನೇ ತಲೆಮಾರಿನ ಐ5-7300ಯು ಹಾಕಿದ್ದೂ ಮಾರುಕಟ್ಟೆಯಲ್ಲಿದೆ. ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಇದು ಸಣ್ಣ ವಿಷಯವಲ್ಲ. ಪ್ರೊಸೆಸರ್ ಸಂಖ್ಯೆ 8ರಿಂದಲೇ ಶುರುವಾಗಬೇಕು: 8250ಯು, 8350ಯು, 8550ಯು, 8650ಯು. ಐ7ಕ್ಕೆ ಹೆಚ್ಚು ಕೊಡುವ ಅಗತ್ಯವಿಲ್ಲ, ಕೋರ್ ಎರಡರಲ್ಲೂ ನಾಲ್ಕೇ.

ಇನ್ನು ಅಂಗಡಿಯಲ್ಲಿ ಮಾಡಬೇಕಾದ ಕೆಲಸ. ಪವರ್ ಒತ್ತಿ ಕೂಡಲೇ ಎಫ್1 ತಟ್ಟುತ್ತಿದ್ದರೆ ಬಯಾಸ್ (ವಿಂಡೋಸಿಗೂ ಮುಂಚಿನ ಮೂಲ ಸೆಟಿಂಗ್ ಪುಟ) ತೆರೆಯುತ್ತದೆ. ಪಾಸ್‌ವರ್ಡ್ ಕೇಳಿತೋ, ಅಲ್ಲಿಗೇ ವಾಪಸ್ ಕೊಟ್ಟುಬಿಡಿ. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಬೋರ್ಡ್ ಮೇಲಿನ ಚಿಪ್‌ನಲ್ಲಿ ಕೂತಿರುತ್ತದೆ, ನಾಣ್ಯದಾಕಾರದ ಸೆಲ್ ತೆಗೆದರೆ ಹೋಗುವುದಿಲ್ಲ. "ನಾವು ಆಮೇಲೆ ತೆಗೆಸಿಕೊಡ್ತೀವಿ" ಎಂಬ ಮಾತಿಗೆ ಬೆಲೆ ಕೊಡಬೇಡಿ. ಬಯಾಸ್‌ನ ಮೊದಲ ಪುಟದ ಸೀರಿಯಲ್ ನಂಬರೂ ಅಡಿಯಲ್ಲಿ ಅಂಟಿಸಿದ ನಂಬರೂ ಒಂದೇ ಇರಬೇಕು. ಬೇರೆಯಾಗಿದ್ದರೆ ಬೋರ್ಡೋ ಕವರೋ ಬದಲಾಗಿದೆ ಎಂದರ್ಥ.

ಆಮೇಲೆ ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು, ವಿಂಡೋಸ್ ಹೊಸದಾಗಿ ಶುರುವಾಗುವ ಹಂತದವರೆಗೆ ಅವರಿಂದಲೇ ರೀಸೆಟ್ ಮಾಡಿಸಿ. ಇದು ಬೇಜಾರಿನ ಕೆಲಸ, ಅಂಗಡಿಯವರು ಮುಖ ಸಿಂಡರಿಸುತ್ತಾರೆ, ಆದರೂ ಬಿಡಬೇಡಿ. ಹಳೆಯ ಕಂಪನಿ ಈ ಯಂತ್ರವನ್ನು ಆಟೋಪೈಲಟ್‌ನಲ್ಲಿ (ಕಂಪನಿಗಳು ತಮ್ಮ ಲ್ಯಾಪ್‌ಟಾಪುಗಳನ್ನು ದೂರದಿಂದಲೇ ಹೊಂದಿಸಿಕೊಳ್ಳುವ ಮೈಕ್ರೋಸಾಫ್ಟ್ ಸೇವೆ) ನೋಂದಾಯಿಸಿ, ಹೊರಹಾಕುವಾಗ ತೆಗೆಯುವುದನ್ನು ಮರೆತಿದ್ದರೆ, ಇಂಟರ್‌ನೆಟ್ ಸಿಕ್ಕ ತಕ್ಷಣ ಆ ಕಂಪನಿಯ ಹೆಸರು ತೋರಿಸಿ ಅವರ ಇಮೇಲ್ ಕೇಳುತ್ತದೆ. ಅಂಗಡಿಯವರು ಇಂಟರ್‌ನೆಟ್ ಇಲ್ಲದೆ ಸೆಟಪ್ ಮುಗಿಸಿಟ್ಟಿದ್ದರೆ ಇದು ಗೊತ್ತೇ ಆಗುವುದಿಲ್ಲ. ವರ್ಷದ ನಂತರ ನೀವೇ ರೀಸೆಟ್ ಮಾಡಿದಾಗ ಬಾಗಿಲು ಮುಚ್ಚಿಕೊಳ್ಳುತ್ತದೆ.

ಈ ಮಾಡೆಲಿನ ಎಲ್ಲರಿಗೂ ಗೊತ್ತಿರುವ ದೋಷ ಥಂಡರ್‌ಬೋಲ್ಟ್‌ನದು, ಅಂದರೆ ಯುಎಸ್‌ಬಿ-ಸಿ ಆಕಾರದ ವೇಗದ ಕಿಂಡಿಯದು. ಅದರ ಹಳೆಯ ಫರ್ಮ್‌ವೇರ್ (ಚಿಪ್ ನಡೆಸುವ ಒಳ ಸಾಫ್ಟ್‌ವೇರ್) ತನ್ನ ಪುಟ್ಟ ಫ್ಲ್ಯಾಶ್ ಚಿಪ್ ಮೇಲೆ ಅನಗತ್ಯವಾಗಿ ಬರೆಯುತ್ತಲೇ ಇದ್ದು ಕೊನೆಗೆ ಅದನ್ನು ಕೆಡಿಸುತ್ತದೆ. ಆಗ ಯುಎಸ್‌ಬಿ-ಸಿ ಚಾರ್ಜಿಂಗ್ ನಿಲ್ಲುತ್ತದೆ, ಎಚ್‌ಡಿಎಂಐ ಕೂಡ ಕೈಕೊಡಬಹುದು. ಲೆನೊವೊ ಇದಕ್ಕೆ ತಿದ್ದಿದ ಫರ್ಮ್‌ವೇರ್ ಬಿಡುಗಡೆ ಮಾಡಿದೆ, ಆದರೆ ಕಂಪನಿಗಳಿಂದ ಬಂದ ಎಷ್ಟೋ ಯಂತ್ರಗಳಲ್ಲಿ ಯಾರೂ ಹಾಕಿರುವುದಿಲ್ಲ. ಎಡಬದಿಯ ಎರಡೂ ಯುಎಸ್‌ಬಿ-ಸಿ ಕಿಂಡಿಗಳಲ್ಲಿ ಒಂದೊಂದಾಗಿ ಚಾರ್ಜರ್ ಹಾಕಿ ನೋಡಿ, ಎಚ್‌ಡಿಎಂಐಗೆ ಟಿವಿಯನ್ನೋ ಮಾನಿಟರನ್ನೋ ಜೋಡಿಸಿ ನೋಡಿ. ಎಲ್ಲವೂ ಸರಿ ಇದ್ದರೆ ಮನೆಗೆ ಬಂದ ದಿನವೇ, ಚಾರ್ಜರ್ ಹಾಕಿಕೊಂಡು, ಲೆನೊವೊದ್ದೇ ಆದ ವ್ಯಾಂಟೇಜ್ ಆ್ಯಪ್ ಮೂಲಕ ಥಂಡರ್‌ಬೋಲ್ಟ್ ಫರ್ಮ್‌ವೇರ್ ಅಪ್‌ಡೇಟ್ ಮಾಡಿ, ನಡುವೆ ಆರಿಸಬೇಡಿ. ಚಿಪ್ ಆಗಲೇ ಕೆಟ್ಟಿದ್ದರೆ ಪ್ರೋಗ್ರಾಮರ್ ಹಿಡಿದು ಮತ್ತೆ ಬರೆಸಬೇಕು, ಅದು ಚಿಪ್‌ಲೆವೆಲ್ ರಿಪೇರಿಯವರ ಕೆಲಸ. ಇನ್ನೊಂದು: ಈ ಕಿಂಡಿಗಳು ಮದರ್‌ಬೋರ್ಡಿಗೇ ಬೆಸೆದವು. ಚಾರ್ಜರ್ ಸಿಕ್ಕಿಸಿಕೊಂಡೇ ತೊಡೆಯ ಮೇಲಿಟ್ಟು ಎಳೆದಾಡಿದರೆ ಬೆಸುಗೆ ಬಿಡುತ್ತದೆ. ಎಲ್ ಆಕಾರದ ತುದಿಯ ಕೇಬಲ್ ಹಾಕಿದರೆ ಆ ಎಳೆತ ಕಡಿಮೆ.

ಬ್ಯಾಟರಿ ಎರಡು. ಒಳಗೆ 24 ವ್ಯಾಟ್-ಅವರ್‌ನದು ಒಂದು, ಹಿಂದೆ ಕಳಚಿ ಹಾಕುವಂಥದ್ದು ಇನ್ನೊಂದು. ಹೊರಗಿನದು 24, 48, 72 ಹೀಗೆ ಮೂರು ಅಳತೆಯಲ್ಲಿ ಬರುತ್ತದೆ. ಮೊದಲು ಹೊರಗಿನದು ಖಾಲಿಯಾಗುತ್ತದೆ, ಒಳಗಿನದರಲ್ಲಿ ಚಾರ್ಜ್ ಇದ್ದರೆ ಯಂತ್ರ ಆರಿಸದೆಯೇ ಹೊರಗಿನದನ್ನು ಬದಲಿಸಬಹುದು. ಹಾಸ್ಟೆಲಿನಲ್ಲಿ ಕರೆಂಟು ಹೋದ ರಾತ್ರಿ ಇದರ ಬೆಲೆ ತಿಳಿಯುತ್ತದೆ. ಸೆಕೆಂಡ್‌ಹ್ಯಾಂಡ್ ಮಾಲಿನಲ್ಲಿ ಎರಡೂ ಸವೆದಿರುತ್ತವೆ, ಅದನ್ನು ಒಪ್ಪಿಕೊಂಡೇ ಬೆಲೆ ಮಾತಾಡಬೇಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ powercfg /batteryreport ಎಂದು ಟೈಪಿಸಿ ಬ್ಯಾಟರಿ ರಿಪೋರ್ಟ್ ತೆಗೆದರೆ ಮೂಲ ಸಾಮರ್ಥ್ಯ, ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ, ಸೈಕಲ್ ಸಂಖ್ಯೆ ಎರಡೂ ಬ್ಯಾಟರಿಗಳದ್ದು ಬೇರೆಬೇರೆ ಕಾಣುತ್ತವೆ. ಮೂಲದ ಅರ್ಧಕ್ಕಿಂತ ಕೆಳಗಿದ್ದರೆ ಹೊಸದರ ಖರ್ಚು ಸೇರಿಸಿ ಲೆಕ್ಕ ಹಾಕಿ. ಟಚ್‌ಪ್ಯಾಡ್ ಉಬ್ಬಿದಂತಿದ್ದರೆ, ಒತ್ತಿದಾಗ ಗಟ್ಟಿಯಾಗಿದ್ದರೆ ಒಳಗಿನ ಬ್ಯಾಟರಿ ಊದಿದೆ, ಮುಟ್ಟಬೇಡಿ. ಸದಾ ಚಾರ್ಜರಿಗೆ ಹಾಕಿಯೇ ಬಳಸುವವರು ವ್ಯಾಂಟೇಜ್‌ನಲ್ಲಿ ಶೇ. 80ಕ್ಕೆ ಚಾರ್ಜ್ ನಿಲ್ಲುವಂತೆ ಹೊಂದಿಸಿಟ್ಟರೆ ಹೊಸ ಬ್ಯಾಟರಿ ಡಿಗ್ರಿ ಮುಗಿಯುವವರೆಗೂ ಬಂದೀತು.

ಸ್ಕ್ರೀನಿನಲ್ಲಿ ರಾಜಿ ಬೇಡ. 1366×768ರ ಪ್ಯಾನೆಲ್ ಪಕ್ಕದಿಂದ ನೋಡಿದರೆ ಬಣ್ಣ ತಿರುಗುತ್ತದೆ, ಸಾಲಿಡ್ ಎಡ್ಜ್‌ನ ಟೂಲ್‌ಬಾರುಗಳು ಬಂದ ಮೇಲೆ ಚಿತ್ರಕ್ಕೆ ಜಾಗವೇ ಇರುವುದಿಲ್ಲ. 1920×1080ರ ಐಪಿಎಸ್ ಇರುವುದನ್ನೇ ಕೇಳಿ. ಅದರ ಬಣ್ಣವೂ ಸಪ್ಪೆಯೇ, ಓದಲು ಬರೆಯಲು ಸಾಕು. ಕ್ಯಾಮೆರಾ ಇದೆಯೇ ಅಂತ ತೆರೆದು ನೋಡಿ, ಕೆಲವು ಕಂಪನಿಗಳು ಕ್ಯಾಮೆರಾ ಇಲ್ಲದ್ದನ್ನೇ ತರಿಸಿಕೊಂಡಿದ್ದವು. ಕೀಬೋರ್ಡ್ ಮಾತ್ರ ಈಗಿನ ಬಹುಪಾಲು ಹೊಸ ಲ್ಯಾಪ್‌ಟಾಪುಗಳನ್ನು ನಾಚಿಸುತ್ತದೆ. ಎಡ ಮೂಲೆಯಲ್ಲಿ ಕಂಟ್ರೋಲ್ ಬದಲು ಎಫ್‌ಎನ್ ಇರುವುದು ಕಿರಿಕಿರಿ ಎನಿಸಿದರೆ ಬಯಾಸ್‌ನಲ್ಲಿ ಅದಲುಬದಲು ಮಾಡಬಹುದು.

ವಿಂಡೋಸಿಗೆ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. ವಿಂಡೋಸ್ ಪ್ರೊ ಜೊತೆ ಬಂದ ಯಂತ್ರವಾದರೆ ಲೈಸೆನ್ಸ್ ಬೋರ್ಡಿನಲ್ಲೇ ಇರುತ್ತದೆ. ಸೆಟಿಂಗ್ಸ್‌ನ ಆಕ್ಟಿವೇಷನ್ ಪುಟ ತೆರೆಯಿರಿ: ಡಿಜಿಟಲ್ ಲೈಸೆನ್ಸ್ ಎಂದಿದ್ದರೆ ಸರಿ. "ನಿಮ್ಮ ಸಂಸ್ಥೆಯ ಆಕ್ಟಿವೇಷನ್ ಸೇವೆ" ಎಂಬರ್ಥದ ಸಾಲಿದ್ದರೆ ಅಂಗಡಿಯವರು ಕಳ್ಳ ಆಕ್ಟಿವೇಟರ್ ಓಡಿಸಿರಬಹುದು, ಅದಕ್ಕಾಗಿ ಆಂಟಿವೈರಸ್ ಆಫ್ ಮಾಡಿರಲೂಬಹುದು. ಎರಡೂ ಸಂದರ್ಭದಲ್ಲಿ 8 ಜಿಬಿ ಪೆನ್‌ಡ್ರೈವಿಗೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲಿನಿಂದ ವಿಂಡೋಸ್ 11 ಇಳಿಸಿ, ಎಫ್12 ಒತ್ತಿ ಅದರಿಂದ ಬೂಟ್ ಮಾಡಿ, ಡ್ರೈವ್ ಪೂರ್ತಿ ಅಳಿಸಿ ಹಾಕಿಕೊಳ್ಳಿ. ಮೈಕ್ರೋಸಾಫ್ಟ್ ಅಕೌಂಟಿನಿಂದ ಒಳಹೊಕ್ಕರೆ ಡ್ರೈವ್ ತಾನಾಗಿ ಎನ್‌ಕ್ರಿಪ್ಟ್ ಆಗಬಹುದು. ಅದನ್ನು ತೆರೆಯುವ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಬಯಾಸ್ ಅಪ್‌ಡೇಟ್ ಆದ ಮೇಲೆ ಅದನ್ನು ಕೇಳಬಹುದು.

ರ‍್ಯಾಮ್ ಹಾಕಲು, ಫ್ಯಾನ್ ಒರೆಸಲು ಅಡಿ ತೆಗೆಯುವ ಮುಂಚೆ ಬಯಾಸ್‌ನ ಕಾನ್ಫಿಗ್, ಪವರ್ ಒಳಗೆ ಹೋಗಿ ಒಳ ಬ್ಯಾಟರಿ ನಿಷ್ಕ್ರಿಯಗೊಳಿಸಿ. ಚಾರ್ಜರ್ ಕಳಚಿ, ಹೊರಗಿನ ಬ್ಯಾಟರಿ ತೆಗೆದು, ಆರು ಸ್ಕ್ರೂ ಸಡಿಲಿಸಿ. ಅವು ಕವರಿನಲ್ಲೇ ಉಳಿಯುತ್ತವೆ, ಕಳೆಯುವುದಿಲ್ಲ. ಕ್ಲಿಪ್ ಬಿಡಿಸಲು ಸ್ಕ್ರೂಡ್ರೈವರ್ ತೂರಿಸಬೇಡಿ, ಹಳೆಯ ಎಟಿಎಂ ಕಾರ್ಡ್ ಸಾಕು. ಕೆಲಸ ಮುಗಿದು ಚಾರ್ಜರ್ ಹಾಕಿದರೆ ಬ್ಯಾಟರಿ ತಾನಾಗಿ ಮತ್ತೆ ಸಕ್ರಿಯ. ಗಾಳಿ ಎಳೆಯುವ ಕಿಂಡಿ ಅಡಿಯಲ್ಲಿರುವುದರಿಂದ ಹಾಸಿಗೆ ಮೇಲಿಟ್ಟು ಬಳಸಿದರೆ ಯಂತ್ರ ಬಿಸಿಯಾಗಿ ನಿಧಾನವಾಗುತ್ತದೆ. ವರ್ಷಕ್ಕೊಮ್ಮೆ ಧೂಳು ತೆಗೆದು ಥರ್ಮಲ್ ಪೇಸ್ಟ್ ಬದಲಿಸಿದರೆ ಫ್ಯಾನ್ ಸದ್ದು ಗಮನಕ್ಕೆ ಬರುವಷ್ಟು ಇಳಿಯುತ್ತದೆ.

ಆರ್ಕಿಟೆಕ್ಚರ್ ಸೇರಿದವರಿಗೆ, ರೆವಿಟ್, ಬ್ಲೆಂಡರ್, ದೊಡ್ಡ ಆನ್ಸಿಸ್ ಮಾಡೆಲ್ ಬೇಕಾದವರಿಗೆ, ಆಟ ಆಡುವವರಿಗೆ ಇದು ಆಗದು. ಮಷಿನ್ ಲರ್ನಿಂಗ್ ಅಸೈನ್‌ಮೆಂಟುಗಳಿಗೆ ಅಂತ ಗ್ರಾಫಿಕ್ಸ್ ಕಾರ್ಡ್ ಇರುವುದನ್ನೇ ಕೊಳ್ಳಬೇಕಿಲ್ಲ, ಗೂಗಲ್ ಕೊಲ್ಯಾಬ್‌ನ ಉಚಿತ ಜಿಪಿಯುನಲ್ಲಿ ತರಗತಿ ಮಟ್ಟದ್ದು ನಡೆಯುತ್ತದೆ. ಕೊಳ್ಳುವಾಗ ಜಿಎಸ್‌ಟಿ ಬಿಲ್ ತೆಗೆದುಕೊಂಡು ಅದರಲ್ಲಿ ಸೀರಿಯಲ್ ನಂಬರ್, ರ‍್ಯಾಮ್, ಎಸ್‌ಎಸ್‌ಡಿ ಅಳತೆ, ವಾರಂಟಿ ಅವಧಿ ಬರೆಸಿ. ವಾರಂಟಿ ಬೋರ್ಡಿಗೂ ಇದೆಯೇ, ಬರೀ ಚಾರ್ಜರಿಗೋ ಎಂಬುದನ್ನೂ ಅದೇ ಬಿಲ್ ಮೇಲೆ ಬರೆಸಿಕೊಳ್ಳಿ.